ಎಂಜಿನ್ನಿನ ಹಣೆಬರಹ

ಒಂದು ಬೋಲ್ಟ್ ಸಡಿಲಿಸುವುದಿಲ್ಲ, ಒಂದು ಬಿಡಿಭಾಗ ಬದಲಿಸುವುದಿಲ್ಲ. ಲ್ಯಾಪ್‌ಟಾಪಿನ ವೈರು ಚುಚ್ಚಿ ಅರ್ಧ ಗಂಟೆ ಕೂತರೆ ಸಾಕು, ಅದೇ ಕಾರು ಬೇರೆಯೇ ಕಾರಿನಂತೆ ನುಗ್ಗುತ್ತದೆ. ರೀಮ್ಯಾಪ್ ಎಂಬ ಈ ವಿದ್ಯೆ ಬೆಂಗಳೂರಿನ ಗಲ್ಲಿಗಳಿಗೆ ಬಂದು ವರ್ಷಗಳೇ ಆದವು. ಹಾಗಾದರೆ ಆ ಶಕ್ತಿ ಇಷ್ಟು ದಿನ ಎಲ್ಲಿತ್ತು? ಅದನ್ನು ಯಾರಿಗೆಂದು ಉಳಿಸಿಟ್ಟಿದ್ದರು?

ಆಯುಧಪೂಜೆಯ ಬೆಳಿಗ್ಗೆ. ವಿಲ್ಸನ್ ಗಾರ್ಡನ್ನಿನ ಒಳರಸ್ತೆಯ ಗ್ಯಾರೇಜಿನ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಸ್ಪ್ಯಾನರುಗಳು ತೊಳೆಸಿಕೊಂಡು ಅಳತೆಯ ಪ್ರಕಾರ ಸಾಲಾಗಿ ಕೂತಿದ್ದವು. ಜ್ಯಾಕಿಗೆ ಚೆಂಡುಹೂವಿನ ಹಾರ, ಗಾಳಿ ಹೊಡೆಯುವ ಕಂಪ್ರೆಸರಿಗೆ ವಿಭೂತಿಯ ಮೂರು ಪಟ್ಟೆ. ಅವುಗಳ ನಡುವೆ, ಎರಡು ಹಳೇ ಟೈರುಗಳ ಮೇಲೆ ಹಲಗೆ ಹಾಸಿ, ಒಂದು ಲ್ಯಾಪ್‌ಟಾಪ್. ಅದರ ಎಂಟರ್ ಕೀಲಿಯ ಮೇಲೆ ಪುಟ್ಟ ಕುಂಕುಮದ ಬೊಟ್ಟು.

ಹುಡುಗರು ‘ಅಣ್ಣ’ ಎಂದು ಕರೆಯುವ ಆ ಗ್ಯಾರೇಜಿನ ಯಜಮಾನರಿಗೆ ಅದೇ ಮುಖ್ಯ ಆಯುಧ. ಮಂಗಳಾರತಿ ಆಯಿತು, ಬೂದುಗುಂಬಳಕಾಯಿ ಒಡೆದರು. ಅಷ್ಟರಲ್ಲಿ ಹಾಸನದ ಒಬ್ಬ ಹುಡುಗ ತನ್ನ ಕಾರನ್ನು ಒಳಗೆ ತಂದ. ಒಂದು ಲೀಟರಿನ ಟರ್ಬೊ ಪೆಟ್ರೋಲ್, ಮೂರು ಸಿಲಿಂಡರ್. ನಾಲ್ಕು ಚಕ್ರದ ಅಡಿಗೂ ನಿಂಬೆಹಣ್ಣು ಇಟ್ಟೇ ಬಂದಿದ್ದರೂ ಇಲ್ಲಿ ಮತ್ತೆ ನಾಲ್ಕು ಇಡಿಸಿದ.

“ಅಣ್ಣಾ, ಸ್ಟೇಜ್ ಒನ್ ರೀಮ್ಯಾಪ್ ಮಾಡ್ಕೊಡಿ. ಹಬ್ಬದ ದಿನಾನೇ ಆಗ್ಲಿ.”

ಅಣ್ಣ ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗಿನ ಕೆಳಗೆ ಕೈ ಹಾಕಿ, ಹದಿನಾರು ಪಿನ್ನಿನ ಸಾಕೆಟ್ ಹುಡುಕಿ ವೈರು ಚುಚ್ಚಿದರು. “ಮೊದ್ಲು ಇದು ಏನ್ ಹೇಳುತ್ತೆ ಕೇಳೋಣ” ಎಂದರು.

---

ಇದು ಹೊಸ ಆಸೆಯಲ್ಲ. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಯ ಹೆದ್ದಾರಿ ಬದಿಯಲ್ಲಿ ‘ಡೀಸೆಲ್ ಪಂಪ್ ಮತ್ತು ನಾಝಲ್’ ಎಂಬ ಬೋರ್ಡು ನೋಡಿದವರಿಗೆ ಇದರ ಅಜ್ಜ ಯಾರೆಂದು ಗೊತ್ತು. ಹಳೇ ಲಾರಿಯ ಡೀಸೆಲ್ ಪಂಪಿನಲ್ಲಿ ಎಷ್ಟು ಇಂಧನ ಹೋಗಬೇಕು ಎಂಬುದನ್ನು ಒಂದು ಸ್ಕ್ರೂ ನಿರ್ಧರಿಸುತ್ತಿತ್ತು. ಯಾರೂ ಮುಟ್ಟಬಾರದೆಂದು ಅದಕ್ಕೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುತ್ತಿದ್ದರು. ಲೋಡು ಹೊತ್ತು ಘಾಟಿ ಹತ್ತಬೇಕಾದ ಡ್ರೈವರು “ಪಿಕಪ್ ಇಲ್ಲ” ಎಂದರೆ ಮೆಕ್ಯಾನಿಕ್ ಮುದ್ರೆ ಮುರಿದು ಸ್ಕ್ರೂ ಅರ್ಧ ಸುತ್ತು ತಿರುಗಿಸುತ್ತಿದ್ದ. ಲಾರಿ ಏರುತ್ತಿತ್ತು. ಹಿಂದೆ ಬರುವವರಿಗೆ ಕರಿ ಮೋಡ.

ಆ ಪಂಪುಗಳಲ್ಲಿ ಬಹುಪಾಲು ನಮ್ಮ ಊರಿನವೇ. 1951ರಲ್ಲಿ ಹುಟ್ಟಿದ ಮೈಕೊ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯಲ್ಲಿ ಜರ್ಮನಿಯ ಬಾಷ್ ತಂತ್ರಜ್ಞಾನದ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡಿತು. ತಲೆಮಾರುಗಟ್ಟಲೆ ಬೆಂಗಳೂರಿನ ಮನೆಗಳಲ್ಲಿ “ಮೈಕೊದಲ್ಲಿ ಕೆಲಸ” ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. 2008ರಲ್ಲಿ ಆ ಹೆಸರು ಹೋಗಿ ಬಾಷ್ ಎಂದಾಯಿತು. ಲೇತ್‌ಗಳ ಸದ್ದಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಪರದೆಗಳ ಮುಂದೆ ಕೂತ ಎಂಜಿನಿಯರುಗಳು. ಬಾಷ್‌ಗೆ ಜರ್ಮನಿಯ ಹೊರಗೆ ಇರುವ ಅತಿ ದೊಡ್ಡ ಸಾಫ್ಟ್‌ವೇರ್ ಬಳಗ ನಮ್ಮ ದೇಶದ್ದು. ಅದರ ಕೇಂದ್ರ ಬೆಂಗಳೂರು. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು.

ನಾನು ನಿಂತಿದ್ದ ಗ್ಯಾರೇಜಿನಿಂದ ಆಡುಗೋಡಿಗೆ ಆಟೊ ಹಿಡಿದರೆ ಹತ್ತು ನಿಮಿಷ. ಎಂಜಿನ್ನಿನ ಹಣೆಬರಹ ಬರೆಯುವವರೂ ಅದನ್ನು ತಿದ್ದುವವರೂ ಒಂದೇ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ.

---

ಬಾಕ್ಸ್: ಸ್ಕ್ರೂನಿಂದ ಚಿಪ್ಪಿಗೆ

1967: ಬಾಷ್‌ನ ಡಿ-ಜೆಟ್ರಾನಿಕ್. ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಣೆ. ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ.

1979: ಮೋಟ್ರಾನಿಕ್. ಪೆಟ್ರೋಲ್ ಪ್ರಮಾಣ ಮತ್ತು ಕಿಡಿಯ ಸಮಯ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳತೊಡಗಿತು. ಬಿಎಂಡಬ್ಲ್ಯು 732ಐ ಕಾರಿನಲ್ಲಿ.

1997: ಕಾಮನ್ ರೈಲ್ ಡೀಸೆಲ್ ಕಾರು, ಆಲ್ಫಾ ರೋಮಿಯೊ 156.

2020, ಏಪ್ರಿಲ್: ಭಾರತದಲ್ಲಿ ಬಿಎಸ್-6. ಹೊಸ ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಸೋಸುಕ ಖಾಯಂ ಆಯಿತು.

---

ಹಾಗಾದರೆ ಈ ‘ಮ್ಯಾಪ್’ ಏನು? ಭೂಪಟವಲ್ಲ. ಮಗ್ಗಿ ಪುಸ್ತಕ ಎಂದರೆ ಹತ್ತಿರವಾದೀತು.

ನಿಮಿಷಕ್ಕೆ 2000 ಸುತ್ತು ತಿರುಗುವ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು 67 ಬಾರಿ ಉರಿ ಹೊತ್ತುತ್ತದೆ. ಪ್ರತಿ ಸಲವೂ ಎಷ್ಟು ಇಂಧನ, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಎಂದು ಕೂತು ಲೆಕ್ಕ ಹಾಕಲು ಪುರುಸೊತ್ತಿಲ್ಲ. ಅದಕ್ಕೇ ಉತ್ತರಗಳನ್ನು ಮೊದಲೇ ಕೋಷ್ಟಕಗಳಲ್ಲಿ ಬರೆದಿಟ್ಟಿರುತ್ತಾರೆ. ಎಡಗಡೆ ಎಂಜಿನ್ನಿನ ವೇಗ, ಮೇಲುಗಡೆ ಹೊರೆ. ಎರಡೂ ಕೂಡುವ ಮನೆಯಲ್ಲಿ ಉತ್ತರ. ಇಂಥ ಸಾವಿರಾರು ಕೋಷ್ಟಕಗಳು ಸೇರಿದ ಇಡೀ ಫೈಲು ಎಷ್ಟೋ ಕಾರುಗಳಲ್ಲಿ ಎರಡರಿಂದ ನಾಲ್ಕು ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು.

ಆಕ್ಸಿಲರೇಟರ್ ತುಳಿದಾಗ ನಾವು ಆಜ್ಞೆ ಕೊಟ್ಟೆವು ಎಂದುಕೊಳ್ಳುತ್ತೇವೆ. ಈಗಿನ ಕಾರಿನಲ್ಲಿ ಅದು ಬರೀ ಅರ್ಜಿ. ಆ ಅರ್ಜಿ ಹಲವು ಮೇಜು ದಾಟಬೇಕು. ಒಂದು ಮೇಜು ಕೇಳುತ್ತದೆ: ಇಷ್ಟು ಡೀಸೆಲ್ ಉರಿಯಲು ಒಳಗೆ ಗಾಳಿ ಸಾಕಷ್ಟಿದೆಯೇ? ಇಲ್ಲದಿದ್ದರೆ ಹೊಗೆ ಬಂದೀತು, ಕಡಿಮೆ ಮಾಡಿ. ಇನ್ನೊಂದು ಮೇಜು: ಗೇರ್‌ಬಾಕ್ಸ್ ಇಷ್ಟು ತಿರುಚುಬಲ ತಡೆದೀತೇ? ಮತ್ತೊಂದು: ಎಂಜಿನ್ ಬಿಸಿಯಾಗಿದೆಯೇ? ಎಲ್ಲರೂ ಒಪ್ಪಿದ ಅಂಕಿಗಳಲ್ಲಿ ಅತಿ ಚಿಕ್ಕದು ಯಾವುದೋ ಅದು ಮಂಜೂರು.

ರೀಮ್ಯಾಪ್ ಮಾಡುವವರು ಈ ಮೇಜುಗಳನ್ನು ಒಂದೊಂದಾಗಿ ಭೇಟಿಯಾಗುತ್ತಾರೆ. ಒಂದೇ ಮೇಜಿನ ಮಿತಿ ಏರಿಸಿದರೆ ಉಪಯೋಗವಿಲ್ಲ, ಮುಂದಿನದು ತಡೆಯುತ್ತದೆ. ಎಲ್ಲವನ್ನೂ ಹದವಾಗಿ, ಒಂದಕ್ಕೊಂದು ಹೊಂದುವಂತೆ ಏರಿಸಬೇಕು. ಟರ್ಬೊ ಡೀಸೆಲ್ಲಿನಲ್ಲಿ ಹೀಗೆ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೂ ಹೆಚ್ಚಿನ ಶಕ್ತಿ ಬರುವುದು ಸಾಮಾನ್ಯ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಮಾಡಿಸಿದರೆ ಸಿಗುವುದು ಅತ್ಯಲ್ಪ; ಅಲ್ಲಿ ಗಾಳಿ ಎಷ್ಟು ಒಳಗೆ ಹೋಗುತ್ತದೋ ಅಷ್ಟೇ, ಅದನ್ನು ಬರಹದಿಂದ ಹೆಚ್ಚಿಸಲು ಬರುವುದಿಲ್ಲ.

ಅಣ್ಣ ನನಗೆ ಹಳೆಯದೊಂದು ಡೀಸೆಲ್ ಫೈಲು ತೆರೆದು ತೋರಿಸಿದರು. ಪರದೆಯ ತುಂಬ ಅಂಕಿಗಳು. ಬೆರಳಿಟ್ಟು ಒಂದು ಮನೆ ತೋರಿಸಿದರು: 2200. ಟರ್ಬೊ ಎಂಜಿನ್ನಿಗೆ ಕೊಡಬೇಕಾದ ಗಾಳಿಯ ಒತ್ತಡ, ಮಿಲಿಬಾರ್‌ಗಳಲ್ಲಿ.

“ಮಂಗಳೂರಲ್ಲಿ ಹೊರಗಿನ ಗಾಳೀನೇ 1010 ಇರುತ್ತೆ. ಟರ್ಬೊ ಮಿಕ್ಕಿದ್ದು 1190 ಸೇರಿಸಿದ್ರೆ ಸಾಕು. ಬೆಂಗಳೂರಲ್ಲಿ ಹೊರಗೆ ಸುಮಾರು 910. ಆಗ ಟರ್ಬೊ 1290 ಸೇರಿಸ್ಬೇಕು. ಅದೇ ಕಾರು, ಅದೇ ಫೈಲು. ಇಲ್ಲಿ ಟರ್ಬೊ ಜಾಸ್ತಿ ಓಡುತ್ತೆ.”

ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ ಬದುಕುವ ನಮಗೆ ಇದು ಅನುಭವಕ್ಕೆ ಬರುವುದೇ ಇಲ್ಲ. ಆದರೆ ಸಣ್ಣ ಡೀಸೆಲ್ ಕಾರಿನ ಟರ್ಬೊ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಚಕ್ರ, ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟಬಲ್ಲದು. ಅದರ ಬೇರಿಂಗಿಗೆ ಬೆಂಗಳೂರಿಗೂ ಮಂಗಳೂರಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದಕ್ಕೇ ಎತ್ತರ ಏರಿದಂತೆ ಟರ್ಬೊದ ಕೆಲಸ ತಗ್ಗಿಸುವ ಇನ್ನೊಂದು ಕೋಷ್ಟಕವನ್ನು ಕಂಪನಿಯವರು ಬರೆದಿರುತ್ತಾರೆ. ಯೂರೋಪಿನ ಯಾವುದೋ ಊರಿನವರು ಸಮುದ್ರಮಟ್ಟಕ್ಕೆ ಹೊಂದಿಸಿದ ಫೈಲನ್ನು ಇಮೇಲಿನಲ್ಲಿ ತರಿಸಿ ಹಾಗೇ ತುಂಬುವ ಟ್ಯೂನರಿಗೂ ಈ ಕೋಷ್ಟಕವನ್ನು ಓದಬಲ್ಲ ಟ್ಯೂನರಿಗೂ ಇರುವ ದೂರ, ಔಷಧದಂಗಡಿಯವನಿಗೂ ವೈದ್ಯನಿಗೂ ಇರುವಷ್ಟು.

ಈಗ ಮೊದಲಿನ ಪ್ರಶ್ನೆ. ಕಂಪನಿ ಈ ಶಕ್ತಿಯನ್ನು ಏಕೆ ಉಳಿಸಿತು?

ಒಂದು ಕಾರಣ ಮಾರುಕಟ್ಟೆ. ಒಂದೇ ಎಂಜಿನ್ನನ್ನು ಬರಹ ಬದಲಿಸಿ ಕಡಿಮೆ ಬೆಲೆಗೂ ಹೆಚ್ಚು ಬೆಲೆಗೂ ಮಾರಬಹುದು. ಈಗಂತೂ ಅದನ್ನು ಮುಚ್ಚಿಡುವುದೂ ಇಲ್ಲ. 2019ರ ಕೊನೆಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಮಾಡೆಲ್ 3 ಮಾಲೀಕರಿಗೆ 2000 ಡಾಲರಿಗೆ ಹೆಚ್ಚಿನ ವೇಗೋತ್ಕರ್ಷ ಮಾರಿತು, ಕಾರು ಮನೆಯಂಗಳದಲ್ಲಿ ನಿಂತಂತೆಯೇ. 2022ರಲ್ಲಿ ಮರ್ಸಿಡಿಸ್ ತನ್ನ ವಿದ್ಯುತ್ ಕಾರುಗಳಿಗೆ ಅದನ್ನೇ ವರ್ಷಕ್ಕೆ 1200 ಡಾಲರಿನ ಚಂದಾ ಮಾಡಿತು. ಹಣ ಕೊಟ್ಟು ಕೊಂಡ ಮೋಟಾರಿನ ಒಂದು ಪಾಲಿಗೆ ಬೀಗ ಹಾಕಿ, ಬೀಗದಕೈಗೆ ಬಾಡಿಗೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ರೀಮ್ಯಾಪ್ ಮಾಡಿಸುವ ಹುಡುಗರ ಸಿಟ್ಟಿನಲ್ಲಿ ನ್ಯಾಯವಿದೆ ಎನ್ನಿಸುವುದು ಇಲ್ಲಿ.

ಎರಡನೆಯ ಕಾರಣ ಬೇರೆಯದು. ಮ್ಯಾಪ್ ಬರೆಯುವವರು ನಿಮ್ಮೊಬ್ಬರ ಕಾರಿಗೆ ಬರೆಯುವುದಿಲ್ಲ. ಲಡಾಖಿನ ಚಳಿಯಲ್ಲಿ, ರಾಜಸ್ಥಾನದ ಮೇ ತಿಂಗಳ ಬಿಸಿಲಲ್ಲಿ ಅದೇ ಕಾರು ಓಡಬೇಕು. ಕಲಬೆರಕೆ ಡೀಸೆಲ್ ಹಾಕಿಸಿಕೊಂಡು, ಸರ್ವೀಸ್ ತಪ್ಪಿಸಿಕೊಂಡು, ಕ್ಯಾರಿಯರ್ ಮೇಲೆ ಮದುವೆ ಮನೆಯ ಪಾತ್ರೆ ಹೊತ್ತುಕೊಂಡು ಆಗುಂಬೆ ಹತ್ತಬೇಕು. ಹತ್ತು ವರ್ಷ ಬಾಳಬೇಕು. ಆ ಎಲ್ಲ ಕೆಟ್ಟ ದಿನಗಳಿಗೆಂದು ಇಟ್ಟ ಗಂಟು ಅದು.

ಆ ಗಂಟು ಎಲ್ಲ ಕಡೆ ಒಂದೇ ಗಾತ್ರದ್ದೂ ಅಲ್ಲ. ಫೋಕ್ಸ್‌ವ್ಯಾಗನ್ ಭಾರತದಲ್ಲಿ ಮಾರುತ್ತಿದ್ದ ವೆಂಟೊ 1.5 ಡೀಸೆಲ್ ಆಟೊಮ್ಯಾಟಿಕ್ ಕಾರಿನ ತಿರುಚುಬಲ 250 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿದ ಏಳು ಗೇರಿನ ಒಣ ಕ್ಲಚ್ಚಿನ ಪೆಟ್ಟಿಗೆಯ ಮಿತಿಯೂ 250. ಎಂಜಿನ್ನಿನಲ್ಲಿ ಇನ್ನೂ ದಮ್ಮಿತ್ತು, ಗೇರ್‌ಬಾಕ್ಸಿನಲ್ಲಿ ಇರಲಿಲ್ಲ. ಎಂಜಿನ್ನಿನ ಫೈಲು ಮಾತ್ರ ನೋಡಿ ತಿದ್ದಿದವರು ಆ ಹೆಚ್ಚಿನ ಬಲವನ್ನೆಲ್ಲ ಕ್ಲಚ್ಚಿನ ತಲೆಗೆ ಕಟ್ಟಿದರು.

---

ಬಾಕ್ಸ್: ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಕ್ರಮವಾಗಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಕಂಪನಿಯ ವಾರಂಟಿ ಹೋಗುವ ಸಾಧ್ಯತೆ ಹೆಚ್ಚು. ವಿಮೆಯವರಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು.

---

ಬರೆಯುವವರು, ತಿದ್ದುವವರು ಇಬ್ಬರೂ ಬೆಂಗಳೂರಿನವರು ಎಂದೆ. ಮೂರನೆಯವರೂ ಒಬ್ಬರಿದ್ದಾರೆ.

ಎಂಜಿನ್ ಬರಹದಿಂದ ಜಗತ್ತೇ ಬೆಚ್ಚಿದ್ದು 2015ರ ಸೆಪ್ಟೆಂಬರ್ 18ರಂದು. ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳ ಕಂಪ್ಯೂಟರಿನಲ್ಲಿ ಎರಡು ಬಗೆಯ ಬರಹ ಇಟ್ಟಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದು ಪ್ರಕಟಿಸಿತು. ಪರೀಕ್ಷಾ ಕೊಠಡಿಯಲ್ಲಿ ಚಕ್ರ ತಿರುಗುತ್ತದೆ, ಸ್ಟೀರಿಂಗ್ ಅಲ್ಲಾಡುವುದಿಲ್ಲ. ಇಂಥ ಸುಳಿವುಗಳಿಂದ ಕಾರು ತಾನು ಪರೀಕ್ಷೆಯಲ್ಲಿದ್ದೇನೆ ಎಂದು ತಿಳಿದು ಸ್ವಚ್ಛವಾದ ಮ್ಯಾಪಿಗೆ ಹೊರಳುತ್ತಿತ್ತು. ರಸ್ತೆಗೆ ಇಳಿದರೆ ಇನ್ನೊಂದು ಮ್ಯಾಪು. ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೆ. ಜಗತ್ತಿನಾದ್ಯಂತ ಇಂಥ ಕಾರುಗಳ ಸಂಖ್ಯೆ 1.1 ಕೋಟಿ.

ಈ ಗುಟ್ಟಿನ ಮೊದಲ ಎಳೆ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡಕ್ಕೆ. ಡ್ಯಾನ್ ಕಾರ್ಡರ್ ಅವರ ನೇತೃತ್ವದ ಆ ತಂಡದಲ್ಲಿ ಮಾರ್ಕ್ ಬೆಷ್, ಅರವಿಂದ್ ತಿರುವೆಂಗಡಂ ಜೊತೆಗೆ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಇದ್ದರು. ಹೊಗೆ ಅಳೆಯುವ ಯಂತ್ರಗಳನ್ನೂ ಜನರೇಟರನ್ನೂ ಕಾರಿನ ಹಿಂಭಾಗದಲ್ಲಿ ತುಂಬಿಕೊಂಡು, ಸೈಲೆನ್ಸರಿಗೆ ಕೊಳವೆ ಕಟ್ಟಿ, ಅವರು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದರು. ಯಾರನ್ನೂ ಹಿಡಿಯಬೇಕೆಂದು ಹೊರಟವರಲ್ಲ. ಅಮೆರಿಕದ ಡೀಸೆಲ್ ಕಾರುಗಳು ಎಷ್ಟು ಸ್ವಚ್ಛ ಎಂದು ತೋರಿಸುವುದೇ ಉದ್ದೇಶವಾಗಿತ್ತು. ಜೆಟ್ಟಾ ಕಾರಿನ ಅಂಕಿ ಮಿತಿಯ 15ರಿಂದ 35 ಪಟ್ಟು ಬಂದಾಗ ಮೊದಲು ತಮ್ಮ ಯಂತ್ರಗಳನ್ನೇ ಅನುಮಾನಿಸಿ ಮತ್ತೆ ಮತ್ತೆ ಪರೀಕ್ಷಿಸಿದರು. ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವುದು ಈ ನಡತೆ.

ಭಾರತದಲ್ಲಿಯೂ ಫೋಕ್ಸ್‌ವ್ಯಾಗನ್ ಬಳಗದ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಬರಹ ತಿದ್ದಬೇಕಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಬಲವಂತದ ವಸೂಲಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಒಂದು ಕಂಪನಿ ಮಾಡಿದ್ದಕ್ಕೆ ಜಗತ್ತು ಅಷ್ಟು ಕನಲಿತು. ಅದೇ ಕೆಲಸ ಗಲ್ಲಿಯ ಗ್ಯಾರೇಜಿನಲ್ಲಿ ಒಂದೊಂದೇ ಕಾರಿಗೆ ನಡೆದಾಗ ಯಾರಿಗೂ ಕಾಣುವುದಿಲ್ಲ. ಡಿಪಿಎಫ್ ಕಟ್ಟಿಕೊಂಡಿತು, ಹೊಸದು ದುಬಾರಿ ಎಂದು ಅದನ್ನು ಕತ್ತರಿಸಿ ತೆಗೆದು, ಅದು ಇಲ್ಲವೆಂದು ಕಂಪ್ಯೂಟರ್ ದೂರು ಹೇಳದಂತೆ ಬಾಯಿ ಕಟ್ಟುವ ಕೆಲಸಕ್ಕೆ ‘ಡಿಲೀಟ್’ ಎನ್ನುತ್ತಾರೆ. ಅಮೆರಿಕದಲ್ಲಿ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳಿಗೆ ಇಂಥದ್ದು ನಡೆದಿದೆ ಎಂದು ಅಲ್ಲಿನ ಪರಿಸರ ಸಂಸ್ಥೆ 2020ರಲ್ಲಿ ಅಂದಾಜಿಸಿತು. ನಮ್ಮಲ್ಲಿ ಹೊಗೆ ತಪಾಸಣೆ ಚೀಟಿಗೆಂದು ಡೀಸೆಲ್ ಕಾರಿನಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ನೈಟ್ರೋಜನ್ ಆಕ್ಸೈಡು ಆ ಯಂತ್ರಕ್ಕೆ ಕಾಣುವುದೇ ಇಲ್ಲ.

---

ನಾನೂ ಒಮ್ಮೆ ಮಾಡಿಸಿದ್ದೆ. ಹತ್ತಾರು ವರ್ಷದ ಹಿಂದಿನ ಮಾತು. ಸಣ್ಣ ಡೀಸೆಲ್ ಕಾರು, ಬೇರೊಂದು ಗ್ಯಾರೇಜು. ಅಲ್ಲಿಂದ ಹೊರಗೆ ಬಂದು ಎರಡನೇ ಗೇರಿನಲ್ಲಿ ತುಳಿದಾಗ ಬೆನ್ನು ಸೀಟಿಗೆ ಅಂಟಿದ ಆ ಮೊದಲ ಕ್ಷಣವನ್ನು ಈಗಲೂ ಮರೆತಿಲ್ಲ. ಆ ಸುಖ ಸುಳ್ಳಲ್ಲ. ಅದನ್ನು ಬರೀ ಷೋಕಿ ಎಂದು ಬದಿಗೆ ಸರಿಸುವವರು ಒಮ್ಮೆಯಾದರೂ ಅನುಭವಿಸಿ ಮಾತಾಡಲಿ.

ಆ ವಾರವೇ ಧರ್ಮಸ್ಥಳದಿಂದ ವಾಪಸು ಬರುವಾಗ ಚಾರ್ಮಾಡಿ ಹತ್ತಿದೆ. ಮುಂದಿದ್ದ ಬಸ್ಸನ್ನು ತಿರುವು ಮುಗಿದ ಕೂಡಲೇ ದಾಟಿದೆ. ಕಾರು ಚಿಮ್ಮಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣುತ್ತಿಲ್ಲ. ಕಪ್ಪು. ಆ ಕಪ್ಪಿನೊಳಗಿಂದ ಒಂದು ಬೈಕಿನ ಹೆಡ್‌ಲೈಟು ಮೂಡಿಬಂತು.

ಮೇಲೆ ಜಲಪಾತ ಕಾಣುವ ತಿರುವಿನಲ್ಲಿ ನಿಲ್ಲಿಸಿದೆ. ಬೈಕು ಬಂದು ಪಕ್ಕದಲ್ಲೇ ನಿಂತಿತು. ಗಂಡ, ಹೆಂಡತಿ, ನಡುವೆ ಮೂರ‍್ನಾಲ್ಕು ವರ್ಷದ ಹುಡುಗಿ. ತಾಯಿ ಸೆರಗಿನಿಂದ ಮಗುವಿನ ಮುಖ ಒರೆಸುತ್ತಿದ್ದಳು. ಬಿಳಿ ಸೆರಗಿನಂಚಿನಲ್ಲಿ ಬೂದು ಬಣ್ಣದ ಗೀರು ಉಳಿಯಿತು. ಮಗು ಕೆಮ್ಮಿತು.

ಆತ ಜಗಳಕ್ಕೆ ಬಂದನೆಂದುಕೊಂಡೆ. ಹೆಲ್ಮೆಟ್ ತೆಗೆದು, ಕಾಳಜಿಯಿಂದಲೇ ಹೇಳಿದ: “ನಿಮ್ಮ ಗಾಡಿ ಸಿಕ್ಕಾಪಟ್ಟೆ ಹೊಗೆ ಬಿಡ್ತದೆ ಮಾರಾಯ್ರೆ. ಏನೋ ಹಾಳಾಗಿದೆ. ಒಮ್ಮೆ ತೋರಿಸಿ.”

ಹಾಳಾಗಿರಲಿಲ್ಲ. ನಾನು ಹಣ ಕೊಟ್ಟು ಹಾಗೆ ಬರೆಸಿದ್ದೆ. ಹೊಗೆಯ ಮೇಜಿನ ಮಿತಿಯನ್ನು ಆ ಟ್ಯೂನರು ಪೂರ್ತಿ ಎತ್ತಿಬಿಟ್ಟಿದ್ದ. ಗಾಳಿ ಸಾಲದಿದ್ದರೂ ಡೀಸೆಲ್ ಸುರಿಯುತ್ತಿತ್ತು. ಕಂಪನಿ ಉಳಿಸಿಟ್ಟ ಗಂಟಿನಲ್ಲಿ ಒಂದು ಪಾಲು ನನ್ನದಾಗಿರಲಿಲ್ಲ, ಆ ಹುಡುಗಿಯದಾಗಿತ್ತು. ಬೆಂಗಳೂರಿಗೆ ಬಂದ ಮರುದಿನ ಹಳೇ ಫೈಲನ್ನೇ ವಾಪಸು ಹಾಕಿಸಿದೆ.

ಹಾಗೆಂದು ರೀಮ್ಯಾಪನ್ನೇ ತೊರೆಯಿರಿ ಎನ್ನಲಾರೆ. ಹೊಗೆ ಏರದಂತೆ, ಟರ್ಬೊ ಸೋಲದಂತೆ, ಕ್ಲಚ್ಚಿನ ಅಳತೆ ಮೀರದಂತೆ ಬರೆಯಬಲ್ಲವರನ್ನು ನಾನು ನೋಡಿದ್ದೇನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಮಣ್ಣು ಹಾರಿಸುವ ಕಾರುಗಳ ಹಿಂದೆ ಇಂಥ ಕೈಗಳಿವೆ. ಬೈಕುಗಳಿಗೆ ಹೊಂದುವ ಪವರ್‌ಟ್ರಾನಿಕ್ ಎಂಬ ಉಪಕರಣವನ್ನು ಇದೇ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಟ್ಟಿ ಮಾರುತ್ತದೆ. ವಿದ್ಯೆ ನಿಜವಾದದ್ದು. ನಮ್ಮ ಕಾನೂನು ಅದಕ್ಕೆ ಪರೀಕ್ಷೆಯ ದಾರಿ, ಪರವಾನಗಿಯ ದಾರಿ ತೆರೆದರೆ ಒಳ್ಳೆಯ ಕೈಗಳು ಗಲ್ಲಿಯಿಂದ ಬೆಳಕಿಗೆ ಬರುತ್ತವೆ.

---

ವಿಲ್ಸನ್ ಗಾರ್ಡನ್ನಿಗೆ ವಾಪಸು.

ಅಣ್ಣ, ಹಾಸನದ ಹುಡುಗ ಇಬ್ಬರೂ ಲ್ಯಾಪ್‌ಟಾಪ್ ಸಮೇತ ಹೊಸೂರು ರಸ್ತೆಯ ಮೇಲ್ಸೇತುವೆಗೆ ಒಂದು ಸುತ್ತು ಹೋಗಿ ಬಂದರು. ಹಬ್ಬದ ದಿನ, ರಸ್ತೆ ಖಾಲಿ. ಬಂದವರು ಪರದೆಯ ಮುಂದೆ ಕೂತರು. ಮೂರು ಸಿಲಿಂಡರಿಗೆ ಮೂರು ಬಣ್ಣದ ಗೆರೆ. ಎರಡು ಗೆರೆಗಳು ಜೊತೆಜೊತೆಗೆ ಹೋಗುತ್ತಿದ್ದವು. ಮೂರನೆಯದು ನಡುನಡುವೆ ಕೆಳಕ್ಕೆ ಕುಸಿಯುತ್ತಿತ್ತು.

“ನೋಡು, ಮೂರನೇ ಸಿಲಿಂಡರಲ್ಲಿ ನಾಕಿಂಗ್ ಬರ್ತಾ ಇದೆ. ಕಂಪ್ಯೂಟರ್ ಐದು ಡಿಗ್ರಿ ಹಿಂದಕ್ಕೆ ಎಳೀತಾ ಇದೆ ಕಿಡಿನ.”

“ನಂಗೇನೂ ಗೊತ್ತಾಗಲ್ವಲ್ಲ ಅಣ್ಣ, ಚೆನ್ನಾಗೇ ಓಡುತ್ತೆ.”

“ನಿಂಗೆ ಗೊತ್ತಾಗ್ಬಾರ್ದು ಅಂತಾನೇ ಅದು ಅಷ್ಟು ಕಷ್ಟ ಪಡ್ತಿರೋದು.”

ಕಾಯಿಲ್ ತೆಗೆದು ಮೂರನೇ ಪ್ಲಗ್ಗನ್ನು ಬಿಚ್ಚಿದರು. ಬಟ್ಟೆಯಲ್ಲಿ ಹಿಡಿದು, ಬೆಳಕಿಗೆ ತಂದು, ಹುಡುಗನ ಕಣ್ಣ ಮುಂದೆ ತಿರುಗಿಸಿದರು. ಬಿಳಿ ಪಿಂಗಾಣಿಯ ತುದಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಚುಕ್ಕೆ. ಉರಿ ಹೊತ್ತಬಾರದ ಕ್ಷಣದಲ್ಲಿ ಹೊತ್ತಿಕೊಂಡ ಗುರುತು.

ಹುಡುಗ ಅದನ್ನು ಬಹಳ ಹೊತ್ತು ನೋಡಿದ. “ಈಗ ಏನ್ ಮಾಡೋದು?”

“ಹೊಸ ಪ್ಲಗ್ ಹಾಕೋಣ. ಇಂಜೆಕ್ಟರ್ ಚೆಕ್ ಮಾಡ್ಸು. ಸಾವಿರ ಕಿಲೋಮೀಟರ್ ಓಡ್ಸಿ ಬಾ, ಮತ್ತೆ ಗೆರೆ ನೋಡೋಣ. ಮೂರೂ ಒಟ್ಟಿಗೆ ಹೋದ್ರೆ ಆಮೇಲೆ ಮಾತಾಡೋಣ.”

ಗ್ಯಾರೇಜಿನ ಹುಡುಗ ಮೂರು ಹೊಸ ಪ್ಲಗ್ ತಂದು ಒಂದೊಂದಕ್ಕೂ ಅರಿಶಿನ ಹಚ್ಚಿ, ಒರೆಸಿ, ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದ. ಪುರಿ, ಕಡಲೆ, ಬಾಳೆಹಣ್ಣಿನ ಪ್ರಸಾದದ ಪೊಟ್ಟಣ ಹುಡುಗನ ಕೈಗೆ ಬಂತು. ಕಾರು ಹೊಸದಾಗಿ ಇಟ್ಟ ನಾಲ್ಕು ನಿಂಬೆಹಣ್ಣನ್ನು ಪಚ್ಚೆನಿಸಿ ಗಲ್ಲಿಗೆ ಇಳಿಯಿತು.

ಹಲಗೆಯ ಮೇಲಿನ ಲ್ಯಾಪ್‌ಟಾಪನ್ನು ಅಣ್ಣ ಮುಚ್ಚಲು ಹೋದರು. ಎಂಟರ್ ಕೀಲಿಯ ಮೇಲಿನ ಕುಂಕುಮ ಬೆಳಿಗ್ಗೆ ಇಟ್ಟ ಹಾಗೆಯೇ ಇತ್ತು.